ನನ್ನ ತಂಗಿ ಎಣಿಸಿದ ಕುರಿಗಳು

ನನ್ನ ಅಕ್ಷರ ಸೊಟ್ಟಗಿವೆ, ನನಗೆ ಗೊತ್ತಿರುವ ಶಬ್ದಗಳೂ ಕಡಿಮೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಓದುವವರು ಕ್ಷಮಿಸಬೇಕು. ನನ್ನ ತಂಗಿ ದುರ್ಗಾಳ ಬಗ್ಗೆ ಬರೆಯಲು ಬೇರೆ ಯಾರೂ ಇಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನಮ್ಮದು ದೋರನಹಳ್ಳಿಯಲ್ಲಿ ಕುರಿ ಸಾಕುವ ಮನೆ. ದುರ್ಗಾ ಈಗ ಐದನೆಯ ತರಗತಿ. ಬೇಸಿಗೆಯಲ್ಲಿ ಒಂದು ದಿನ ಅಂಗಳದಲ್ಲಿ ಹುಣಸೆ ಬೀಜ ಜೋಡಿಸುತ್ತ ನನ್ನನ್ನು ಕರೆದಳು.

“ಅಕ್ಕಾ, ಒಂದಕ್ಕ ಮೂರು ಕೂಡಿಸು. ಆಮ್ಯಾಲ ಐದು, ಆಮ್ಯಾಲ ಏಳು. ಪ್ರತಿ ಸಲ ಚೌಕಾನ ಆಗ್ತದ ನೋಡು.”

ನಾನು ಬೀಜ ಇಟ್ಟು ನೋಡಿದೆ. ಹೌದು. ಎಷ್ಟು ದೂರ ಹೋದರೂ ಹಾಗೇ ಆಗುತ್ತದೆಯೇ ಎಂದು ಕೇಳಿದೆ.

“ಆಗಲೇಬೇಕು. ಕುರಿ ಹಟ್ಟಿ ದೊಡ್ಡದು ಮಾಡೋವಾಗ ಅಪ್ಪ ಎರಡು ಮಗ್ಗಲಿಗೆ ಬೇಲಿ ಸರಸ್ತಾನಲ್ಲ, ಹಂಗ. ಎರಡೂ ಕಡಿ ಒಂದೊಂದು ಸಾಲು, ಮೂಲಿಗೆ ಒಂದು ಬೀಜ.”

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಬಸವಂತ್ರಾಯ ಸರ್ ಹಲಗೆಯ ಮೇಲೆ ಭಾಗಾಕಾರ ಬರೆದು ತಿರುಗುವಷ್ಟರಲ್ಲಿ ಇವಳು ಉತ್ತರ ಹೇಳುತ್ತಿದ್ದಳು. “ನೀ ಬಾಯಿ ಮುಚ್ಕೊಂಡು ಕೂತ್ರ ಹೈಸ್ಕೂಲ್ ಪುಸ್ತಕ ಕೊಡ್ತೀನವ್ವಾ” ಎಂದು ನಕ್ಕು, ನಿಜವಾಗಿಯೂ ಕೊಟ್ಟರು. ನಾವಿಬ್ಬರೂ ಸೇರಿ ಓದಿದೆವು. ನನಗೆ ತಿಳಿಯದಿದ್ದಲ್ಲಿ ಅವಳೇ ಹೇಳಿಕೊಡುತ್ತಿದ್ದಳು. ಆಮೇಲೆ ಸರ್ ಅವ್ವನನ್ನು ಕರೆಸಿ, ಇಲ್ಲಿಯ ಪಾಠ ಇವಳಿಗೆ ಸಾಲದು, ಶಹಾಪುರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂಡಿಸೋಣ ಎಂದರು.

“ಕೂಡಸ್ರಿ,” ಎಂದಳು ಅವ್ವ. “ಕುರಿ ಹಿಂದ ಕಳಿಸಿದ್ರ ಇಕಿ ಕುರಿ ಬಿಟ್ಟು ಕಲ್ಲು ಎಣಸ್ಕೋತ ನಿಂದರ್ತಾಳ.”

ನಮ್ಮ ಮನೆತನದಲ್ಲಿ ಕುರಿ ಎಷ್ಟಿವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡು ಕರಗುತ್ತದೆ ಎನ್ನುತ್ತಾರೆ. ಅಪ್ಪ ಸಾಬಣ್ಣ ಮುಖ ನೋಡಿಯೇ ಯಾವ ಕುರಿ ಬಂದಿಲ್ಲವೆಂದು ಗುರುತಿಸುತ್ತಾನೆ. ಯಾರಾದರೂ ಕೇಳಿದರೆ, “ಅದಾವ ನೋಡ್ರಿ ನಾಕು” ಎನ್ನುತ್ತಾನೆ.

ಮಳೆಗಾಲದ ಆರಂಭದಲ್ಲಿ ಸುರಪುರದಿಂದ ದೊಡ್ಡವ್ವ ಭೀಮಮ್ಮ ಬಂದಿದ್ದಳು. ಸಂಜೆ ಮರಿಗಳನ್ನು ತಾಯಿಗಳ ಹತ್ತಿರ ಬಿಡುವಾಗ ದುರ್ಗಾ ಎಲ್ಲರೆದುರು ಕುರಿಗಳ ಸಂಖ್ಯೆ ಹೇಳಿಬಿಟ್ಟಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. “ಹಿಂಗ ಮರಿ ಈದ್ರ ಮೂರು ವರ್ಷಕ್ಕ ಹಟ್ಟಿ ಸಾಲಂಗಿಲ್ಲ ದೊಡ್ಡವ್ವ” ಎಂದೂ ಸೇರಿಸಿದಳು.

ಅಪ್ಪ ನಕ್ಕ. ದೊಡ್ಡವ್ವ ನಗಲಿಲ್ಲ. “ಮಾಳಮ್ಮ, ಮಗಳ ಬಾಯಿಗೆ ಹಗ್ಗ ಇಲ್ಲೇನು?” ಎಂದು ಅವ್ವನನ್ನು ಕೇಳಿದಳು.

ಆ ತಿಂಗಳೇ ಮರಿಗಳಿಗೆ ಭೇದಿ ಹತ್ತಿತು. ಬಹಳ ಸತ್ತವು. ದನದ ಡಾಕ್ಟರು ಬಂದು, ಹಸಿ ಹುಲ್ಲಿನಿಂದ ಹೊಟ್ಟೆಯಲ್ಲಿ ಹುಳ ಆಗಿವೆ ಎಂದರು.

“ಹಸಿ ಹುಲ್ಲು ಪ್ರತಿ ವರ್ಷಾ ತಿಂತಾವ,” ಎಂದಳು ಅವ್ವ. “ಈ ವರ್ಷಾನ ಯಾಕ ಸತ್ವು?”

ಅವಳು ದುರ್ಗಾಳನ್ನು ಹೊಡೆಯಲಿಲ್ಲ. ಹೈಸ್ಕೂಲ್ ಪುಸ್ತಕಗಳನ್ನು ಸರ್‌ಗೆ ವಾಪಸ್ ಕಳಿಸಿದಳು. ಪರೀಕ್ಷೆ ಬೇಡ, ಇನ್ನು ಮನೆಯಲ್ಲಿ ಲೆಕ್ಕದ ಮಾತೇ ಬೇಡ ಎಂದಳು. ಅಪ್ಪ ಉಳಿದ ಕುರಿ ಹೊಡೆದುಕೊಂಡು ಮೇಯಿಸಲು ಕೊಡೇಕಲ್ ಕಡೆ ಹೋದ. ಡಾಕ್ಟರು ಹೇಳಿದ್ದೇ ಸರಿ ಎಂದು ನನಗೆ ಗೊತ್ತು. ಆದರೂ ಅವ್ವ ಸತ್ತ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ದುರ್ಗಾ ಶಾಲೆಯಲ್ಲಿ ಬೇಕಂತಲೇ ತಪ್ಪು ಉತ್ತರ ಬರೆಯುತ್ತಾಳೆ. ಉಳಿದ ಮಕ್ಕಳು ಹೇಗೆ ತಪ್ಪುತ್ತಾರೋ ನೋಡಿ ಹಾಗೆಯೇ ತಪ್ಪುತ್ತಾಳೆ. ನಿನ್ನೆ ನನ್ನ ಮಗ್ಗುಲಲ್ಲಿ ಕೂತು ಕೇಳಿದಳು.

“ಅಕ್ಕಾ, ನಾ ಎಣಸಂಗಿಲ್ಲ. ತಾನಾಗೇ ತಲ್ಯಾಗ ಬರ್ತದ. ಅದಕ್ಕೂ ಸಾಯ್ತಾವೇನು?”

“ಇಲ್ಲವ್ವಾ,” ಎಂದೆ. ಅವಳು ನಂಬಲಿಲ್ಲ.

ಪರೀಕ್ಷೆ ಮುಂದಿನ ತಿಂಗಳಿದೆ, ಅವ್ವನ ಒಪ್ಪಿಗೆ ಇಲ್ಲದೆ ಕೂಡಿಸುವುದಿಲ್ಲ. ನನ್ನ ಮಾತು ಅವ್ವ ಕೇಳುವುದಿಲ್ಲ. ಹೊರಗಿನವರ ಎದುರು ನನಗೆ ಮಾತೇ ಹೊರಡುವುದಿಲ್ಲ. ಆದರೂ ನಾಳೆ ಮುಂಜಾನೆ ಶಾಲೆಗೆ ಹೋಗಿ, ಮರಿ ಈ ವರ್ಷವೇ ಯಾಕೆ ಸತ್ತವೆಂದು ಅವ್ವನಿಗೆ ತಿಳಿಸಿ ಹೇಳಲು ದನದ ಡಾಕ್ಟರನ್ನು ಕರೆದುಕೊಂಡು ನಮ್ಮ ಮನೆಗೆ ಬರ್ರಿ ಎಂದು ಬಸವಂತ್ರಾಯ ಸರ್‌ಗೆ ಹೇಳುತ್ತೇನೆ.