ಮುಚ್ಚಿದ ಕಿಟಕಿಯ ಮುಂದೆ ನಮ್ಮತ್ತೆ

ಕೂತು ಉಂಡವರ ಚರಿತ್ರೆ ಬರೆಯಲು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುತ್ತಿರುವುದು ನಿಂತು ಉಂಡ ನಮ್ಮತ್ತೆಯ ಚರಿತ್ರೆ.

ಅತ್ತೆಯ ಕಸುಬು ಸಾಲಿನಲ್ಲಿ ನಿಲ್ಲುವುದು. ಆಸ್ಪತ್ರೆಯ ಚೀಟಿ, ಕರೆಂಟ್ ಬಿಲ್ಲು, ಕಾಲೇಜಿನ ಅರ್ಜಿ, ರೈಲಿನ ಸೀಟು, ಯಾರಿಗೆ ಏನು ಬೇಕಾದರೂ ಅವರ ಪರವಾಗಿ ಮುಂಜಾನೆಯೇ ಹೋಗಿ ನಿಲ್ಲುತ್ತಿದ್ದಳು. ಕಿಟಕಿ ಹತ್ತಿರವಾಗುವ ಹೊತ್ತಿಗೆ ಗಿರಾಕಿ ಆಕಳಿಸುತ್ತಾ ಬರುತ್ತಿದ್ದ. ಅತ್ತೆ ಪಕ್ಕಕ್ಕೆ ಸರಿದು, ಅವನನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಕೂಲಿ ಪಡೆದು, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಕಸುಬಿಗೆ ಒಂದೇ ಧರ್ಮಸೂತ್ರ: "ಒಬ್ಬರು ಹೋಗಿ ಒಬ್ಬರು ಬರೋದು ನ್ಯಾಯ. ಒಬ್ಬರ ಜಾಗಕ್ಕೆ ಇಬ್ಬರು ತೂರೋದು ಅನ್ಯಾಯ." ಈ ಧರ್ಮವನ್ನು ಮೀರಿದವರನ್ನು ಅತ್ತೆಯ ಎಡ ಮೊಣಕೈ ನೋಡಿಕೊಳ್ಳುತ್ತಿತ್ತು. ಆ ಮೊಣಕೈಯ ರುಚಿ ಕಂಡವರು ಎರಡನೇ ಸಲ ತೂರಿದ ಉದಾಹರಣೆ ನಮ್ಮೂರಿನಲ್ಲಿಲ್ಲ.

ಇಂಥ ವೀರಾಗ್ರಣಿಗೆ ಗಂಡನಾಗಿ ಸಿಕ್ಕವರು ಡ್ರಾಯಿಂಗ್ ಮೇಷ್ಟ್ರು, ನಮ್ಮ ಮಾವ. ಎಲ್ಲರೂ ಸಾಲಿನಲ್ಲಿ ನಿಂತರೆ ಮುಂದಕ್ಕೆ ಹೋಗುತ್ತಾರೆ. ಮಾವ ನಿಂತರೆ ಹಿಂದಕ್ಕೆ ಹೋಗುತ್ತಾರೆ. "ನಿಮಗೆ ಅವಸರ ಇರಬೇಕು, ಮುಂದೆ ಹೋಗಿ" ಎನ್ನುವುದು ಅವರ ಬಾಯಿಪಾಠ. ಬ್ರೆಡ್ ತರಲು ಹೋದವರು ಅಂಗಡಿ ಬಾಗಿಲು ಹಾಕಿತೆಂಬ ಸುದ್ದಿ ತರುತ್ತಿದ್ದರು.

ಮಾವನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ: ದೊಡ್ಡ ಗೋಡೆಯನ್ನು ನೋಡಬೇಕು. ದೂರದ ಒಂದು ಪಟ್ಟಣದ ಹಳೇ ಉಗ್ರಾಣದೊಳಗೆ ಉದ್ದಾನುದ್ದ ಗೋಡೆಯ ಮೇಲೆ ಯಾವನೋ ಪುಣ್ಯಾತ್ಮ ಸಂತೆಗೆ ಹೊರಟ ಇಡೀ ಊರನ್ನೇ ಬರೆದಿಟ್ಟಿದ್ದಾನೆ. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ಬೆಂಕಿಪೊಟ್ಟಣದಷ್ಟಿತ್ತು. ಆ ಚಿತ್ರದ ನಡುವಿನ ಕತ್ತೆಯನ್ನು ಮಾವ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸಿದವರು. ಪುಸ್ತಕದಲ್ಲಿ ಬಾಲದ ಜಾಗಕ್ಕೆ ಮಸಿ ಮೆತ್ತಿಕೊಂಡಿದ್ದರಿಂದ ಒಬ್ಬೊಬ್ಬ ಹುಡುಗನೂ ತನಗೆ ತೋಚಿದ ಬಾಲ ಅಂಟಿಸುತ್ತಿದ್ದ. ನಾನು ನವಿಲುಗರಿ ಅಂಟಿಸಿ ಪೂರ್ತಿ ಅಂಕ ಪಡೆದಿದ್ದೇನೆ.

ಮಾವನಿಗೆ ನಿವೃತ್ತಿಯಾಯಿತು. "ಹೋಗೋಣ್ವೇನೇ?" ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದರು.

"ಟಿಕೆಟ್ ನನಗೆ ಬಿಡಿ" ಎಂದಳು ಅತ್ತೆ.

ನಾನು ಬಾಯಿ ಹಾಕಿದೆ. "ಅತ್ತೆ, ಅದರ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ ಆಗುತ್ತೆ. ಫೋನಲ್ಲಿ ನೋಡ್ತೀನಿ, ತಾಳಿ."

"ಖಾಲಿ ಆಗೋದು ತಡವಾಗಿ ಬಂದೋರಿಗೆ ಕಣೋ. ನನಗೆ ಕಸುಬು ಕಲಿಸೋಕೆ ಬಂದ! ಮೀನಿಗೆ ಈಜು ಹೇಳ್ಕೊಟ್ಟನಂತೆ."

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅತ್ತೆ, ಮಾವ ಮತ್ತು ಅಲ್ಲಿ ಪರಿಚಯವಾಗಿ ಈಗ ಮನೆಯವರಂತಾಗಿರುವ ಒಬ್ಬ ಬೊಕ್ಕತಲೆಯವರು ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಮೂವರ ಮಾತು ಹೊಂದದ ಕಡೆ ಅತ್ತೆಯನ್ನೇ ನಂಬಿದ್ದೇನೆ. ಮೊಣಕೈ ಇರುವುದು ಆಕೆಗೆ.

ರಾತ್ರಿಯಿಡೀ ರೈಲಿನಲ್ಲಿ ಕೂತು, ಮರುದಿನ ಸಂಜೆಯ ರೈಲಿಗೆ ವಾಪಸು ಟಿಕೆಟ್ ಇಟ್ಟುಕೊಂಡು, ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಉಗ್ರಾಣದ ಅಂಗಳ ಮುಟ್ಟಿದರು. ಅಲ್ಲಿ ಸಾಲೇ ಇರಲಿಲ್ಲ. ಬಾಗಿಲಲ್ಲಿ ಒಬ್ಬ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ.

"ಸಾಲು ಎಲ್ಲಪ್ಪಾ?"

"ಯಾವ ಸಾಲು? ಎಲ್ಲಾ ಫೋನಲ್ಲೇ ಅಮ್ಮ. ಹೊತ್ತು ಹೊತ್ತಿಗೆ ಒಂದೊಂದು ತಂಡ ಬರುತ್ತೆ, ಫೋನ್ ತೋರಿಸುತ್ತೆ, ಒಳಗೆ ಹೋಗುತ್ತೆ. ಜನರ ಉಸಿರಿಗೆ ಬಣ್ಣ ಹಾಳಾಗುತ್ತೆ ಅಂತ ಜಾಸ್ತಿ ಬಿಡಲ್ಲ. ಈ ವರ್ಷದ್ದೆಲ್ಲ ಮುಗೀತು."

ಕತ್ತಿ ಹಿರಿದು ರಣರಂಗಕ್ಕೆ ನುಗ್ಗಿದ ವೀರನಿಗೆ ಅಲ್ಲಿ ಬಟ್ಟೆ ಒಣಹಾಕಿದ್ದು ಕಂಡರೆ ಹೇಗಾಗಬೇಡ! ಮಾವನಾದರೂ ಬೈದಿದ್ದರೆ ಅತ್ತೆ ತಿರುಗಿ ಬೈದು ಹಗುರಾಗಬಹುದಿತ್ತು. ಆ ಮನುಷ್ಯ ಉಗ್ರಾಣದ ಹೊರಗೋಡೆಯನ್ನು ಮುಟ್ಟಿ ನೋಡಿ, "ಹೋಗ್ಲಿ ಬಿಡೇ. ಈ ಕಡೆ ಗೋಡೆನೂ ಚೆನ್ನಾಗೇ ಇದೆ" ಎಂದುಬಿಟ್ಟರು.

ಅತ್ತೆಗೆ ಅದು ಕರುಳಿಗೇ ತಾಗಿತು. ಸುತ್ತ ನೋಡಿದಳು. ಗೋಡೆಯ ಕೊನೆಯಲ್ಲಿ ಹಿಂದೊಂದು ಕಾಲಕ್ಕೆ ಟಿಕೆಟ್ ಮಾರುತ್ತಿದ್ದ ಕಿಟಕಿಯಿತ್ತು. ಹಲಗೆ ಮುಚ್ಚಿ, ಬೀಗ ತುಕ್ಕು ಹಿಡಿದು, ಮೇಲೆ ಪಾರಿವಾಳ ಸಂಸಾರ ಹೂಡಿತ್ತು. ಅತ್ತೆ ನೆಟ್ಟಗೆ ಹೋಗಿ ಅದರ ಮುಂದೆ ಕಾಲೂರಿದಳು.

"ಮುಚ್ಚಿದೆಯಲ್ಲೇ" ಎಂದರು ಮಾವ.

"ಅದಕ್ಕೇ ನಿಲ್ಲೋದು. ತೆಗೆದಿದ್ರೆ ತಗೊಂಡು ಹೋಗ್ತಿದ್ವಿ. ನೀವು ಚಹಾ ಕುಡಿದು ಬನ್ನಿ, ಹೋಗಿ."

ಸ್ವಲ್ಪ ಹೊತ್ತಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಹತ್ತಿರ ಬಂತು. "ಅಜ್ಜಿ, ಇಲ್ಲಿ ಟಿಕೆಟ್ ಕೊಡ್ತಾರಾ?"

"ಅಜ್ಜಿ ನಿಮ್ಮ ಮನೇಲಿರ್ತಾರೆ. ಕೊಡ್ತಾರೋ ಬಿಡ್ತಾರೋ ನನಗೇನು ಗೊತ್ತು? ನಾನು ಮೊದಲನೆಯವಳು, ಅಷ್ಟು ಗೊತ್ತು."

ಜೋಡಿ ಮುಖ ಮುಖ ನೋಡಿಕೊಂಡು ಹಿಂದೆ ನಿಂತಿತು. ಟಿಕೆಟ್ ಸಿಗದೆ ಅಂಗಳದಲ್ಲಿ ಸುತ್ತುತ್ತಿದ್ದವರು ಕಡಿಮೆಯಿರಲಿಲ್ಲ. ಮೂವರು ನಿಂತದ್ದು ಕಂಡು ನಾಲ್ಕನೆಯವನು ಬಂದ. ನಾಲ್ವರು ನಿಂತ ಮೇಲೆ ಐದನೆಯವನು ಏನು, ಎತ್ತ ಎಂದು ಕೇಳಲೂ ಇಲ್ಲ. ಅತ್ತೆ ಒಂದು ಸುಳ್ಳನ್ನೂ ಆಡಲಿಲ್ಲ, ಒಬ್ಬರನ್ನೂ ಕರೆಯಲಿಲ್ಲ. ಅವಳು ನಿಂತ ರೀತಿಯೇ ಹಾಗಿತ್ತು: ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಹುಟ್ಟಬಹುದು, ಈ ಕಿಟಕಿ ಮಾತ್ರ ತೆರೆಯಲೇಬೇಕು ಎಂಬಂತೆ.

ಆಗ ರಂಗಕ್ಕೆ ಬಂದವರು ಬೊಕ್ಕತಲೆಯವರು. ಒಂಟಿಯಾಗಿ ಬಂದು ನಿಂತವರು ಆಮೇಲೆ ಕೈಬೀಸಿ ಬೀಗರ ಬಳಗವನ್ನೆಲ್ಲ ತಮ್ಮ ಮುಂದಕ್ಕೆ ಕರೆದರು. ನಮ್ಮತ್ತೆ ಮುಂದಿನಿಂದಲೇ ಗುಡುಗಿದಳು.

"ಏನ್ರೀ, ಸಾಲಲ್ಲಿ ನಿಂತು ಸಂಸಾರ ಬೆಳೆಸ್ತಾ ಇದ್ದೀರಾ?"

"ನಮ್ಮೋರೇ ಅಮ್ಮ."

"ಇಲ್ಲಿರೋರೆಲ್ಲ ಯಾರಾದರೊಬ್ಬರ ನಮ್ಮೋರೇ. ಕೇಳಿ ಎಲ್ಲಾರೂ! ಒಬ್ಬರಿಗೆ ಒಂದು ಜಾಗ. ಗಂಡ ಆಗ್ಲಿ, ಹೆಂಡತಿ ಆಗ್ಲಿ, ಹೆತ್ತ ತಾಯೇ ಆಗ್ಲಿ, ಬಂದೋರು ಬಾಲದಲ್ಲಿ ನಿಲ್ಲಬೇಕು."

ಸಾಲು ಚಪ್ಪಾಳೆ ತಟ್ಟಿತು. ಬೊಕ್ಕತಲೆಯವರು ತಾವೂ ಹಿಂದಕ್ಕೆ ಹೋಗಿ, ತಮ್ಮ ಬೀಗರ ಬೆನ್ನಿಗೆ ನಿಂತರು. ಕಾನೂನು ಜಾರಿಯಾಯಿತು.

ಬಿಸಿಲೇರುವ ಹೊತ್ತಿಗೆ ಸಾಲು ಅಂಗಳ ದಾಟಿ ರಸ್ತೆಗಿಳಿದಿತ್ತು. ಹಾಲಿನ ವ್ಯಾನಿಗೆ ದಾರಿಯಿಲ್ಲ, ಹಾರನ್ನು ನಿಲ್ಲದು. ಕಾವಲುಗಾರ ಓಡಿಹೋಗಿ ಮೇಲಿನ ಅಧಿಕಾರಿಯನ್ನು ಕರೆತಂದ. ಕತ್ತಿನಲ್ಲಿ ಕೀಲಿ ತೂಗುಹಾಕಿಕೊಂಡಿದ್ದ ಹೆಣ್ಣುಮಗಳು.

"ಅಮ್ಮ, ಇಲ್ಲಿ ಏನೂ ಮಾರಲ್ಲ. ಯಾಕೆ ನಿಂತಿದ್ದೀರಿ?"

"ಮಾರಲಿ ಅಂತ."

"ಟಿಕೆಟ್ಟೇ ಇಲ್ಲ!"

"ಇಲ್ಲದೇ ಇರೋದಕ್ಕೆ ಇಷ್ಟು ಜನ ನಿಲ್ತಾರೇನಮ್ಮಾ?" ಅತ್ತೆ ಹಿಂದಕ್ಕೆ ಕೈ ತೋರಿಸಿದಳು. ಕಣ್ಣು ಹಾಯುವವರೆಗೂ ಜನ. ಅಧಿಕಾರಿಗೇ ಒಂದು ಕ್ಷಣ ಅನುಮಾನ ಬಂತಂತೆ.

"ಮೊದಲೇ ಟಿಕೆಟ್ ಮಾಡಿಸಿ ಬರದೇ ಇರೋರ ಜಾಗ ಇರುತ್ತಲ್ಲ ಮೇಡಂ" ಎಂದು ಕಾವಲುಗಾರ ಬಾಯಿ ಜಾರಿಸಿದ. "ದಿನಾ ಒಂದೊಂದು ತಂಡದಲ್ಲೂ ಒಂದೋ ಎರಡೋ ಸುಮ್ಮನೆ ಖಾಲಿ ಹೋಗುತ್ತೆ."

ಹಾಲಿನ ವ್ಯಾನು ಮತ್ತೆ ಕಿರುಚಿತು. ಅಧಿಕಾರಿ ಕತ್ತಿನಲ್ಲಿದ್ದ ಕೀಲಿ ತೆಗೆದು ಕಾವಲುಗಾರನ ಕೈಗೆ ಕೊಟ್ಟರು. "ತೆಗಿ. ಖಾಲಿ ಜಾಗ ಎಷ್ಟಿದೆಯೋ ಅಷ್ಟು ಕೊಡು. ಸಾಲಿನ ಪ್ರಕಾರ."

ಪಾರಿವಾಳ ಹಾರಿತು, ಬೀಗ ನರಳಿತು, ಕಿಟಕಿ ತೆರೆಯಿತು. ಸಾಲಿನುದ್ದಕ್ಕೂ ಕೇಕೆ. ನವವಧು ಅತ್ತೆಯನ್ನು ತಬ್ಬಿಕೊಂಡಳು. ಕಾವಲುಗಾರ ಒಳಗಿನಿಂದ ಕೂಗಿದ: "ಈ ತಂಡಕ್ಕೆ ಒಂದೇ ಜಾಗ!"

ಅತ್ತೆ ಹೆಮ್ಮೆಯಿಂದ ಗಂಡನನ್ನು ಹುಡುಕಿದಳು. ಅಂಗಳದಲ್ಲಿಲ್ಲ. ಚಹಾ ಅಂಗಡಿಯಲ್ಲಿಲ್ಲ. ಕೊನೆಗೆ ಕಂಡರು, ರಸ್ತೆಯ ತಿರುವಿನಲ್ಲಿ, ಸಾಲಿನ ಕಟ್ಟಕಡೆಗೆ, ಹೊಸದಾಗಿ ಬಂದವನೊಬ್ಬನಿಗೆ "ನಿಮಗೆ ಅವಸರ ಇರಬೇಕು" ಎನ್ನುತ್ತಾ.

"ರೀ! ಅಲ್ಲೇನು ಮಾಡ್ತಿದ್ದೀರಿ?"

"ನೀನೇ ಹೇಳಿದ್ಯಲ್ಲೇ, ಬಂದೋರು ಬಾಲದಲ್ಲಿ ಅಂತ. ಗಂಡ ಆಗ್ಲಿ ಅಂತ ಬಿಡಿಸಿ ಬೇರೆ ಹೇಳಿದೆ."

ಸಾಲಿಗೆ ಸಾಲೇ ಅತ್ತೆಯ ಮುಖ ನೋಡುತ್ತಿತ್ತು. ಅವಳು ಕಣ್ಣು ಮಿಟುಕಿಸಿದರೂ ಕಾನೂನು ಮಣ್ಣುಪಾಲು. ಅತ್ತೆ ಯೋಚಿಸಲಿಲ್ಲ, ಜೀವಮಾನವಿಡೀ ಮಾಡಿದ್ದನ್ನೇ ಮಾಡಿದಳು. ಕಿಟಕಿಯಿಂದ ಪಕ್ಕಕ್ಕೆ ಸರಿದು, ಸಾಲಿನುದ್ದಕ್ಕೂ ನಡೆದು, ಮಾವನ ರಟ್ಟೆ ಹಿಡಿದಳು.

"ಹೋಗಿ. ನನ್ನ ಜಾಗ ನಿಮ್ಮದು, ನಿಮ್ಮ ಜಾಗ ನಂದು. ಒಬ್ಬರು ಹೋಗಿ ಒಬ್ಬರು. ದಾರೀಲಿ ಯಾರಿಗಾದ್ರೂ ಬಿಟ್ಟುಕೊಟ್ಟೀರಿ, ಜೋಕೆ!"

ಎಲ್ಲ ಸಾಲಿನಲ್ಲೂ ಮೊದಲಿಗಳಾಗಿ ನಿಂತಿದ್ದ ನಮ್ಮತ್ತೆ ಹೀಗೆ ಮೊದಲ ಬಾರಿಗೆ ಕೊನೆಯವಳಾದಳು.

ಮಾವ ಹೊರಬಂದಾಗ ಕಾಲು ನೆಲದ ಮೇಲಿರಲಿಲ್ಲವಂತೆ. "ಆ ಕತ್ತೆಗೆ ಬಾಲವೇ ಇಲ್ಲ ಕಣೇ! ಬಾಲದ ಜಾಗದಲ್ಲಿ ಮಡಕೆ ಹೊತ್ತ ಒಬ್ಬಳು ನಿಂತಿದ್ದಾಳೆ, ಏನು ನಗು ಅವಳದ್ದು! ಇಷ್ಟು ವರ್ಷ ಆ ನಗುವಿನ ಮೇಲೆ ಬಾಲ ಎಳೆಸಿದ್ದೀನಿ!" ಎಂದು ಏದುಸಿರು ಬಿಡುತ್ತಾ ಹೇಳಿದರು. ಮತ್ತೆ ತಟಕ್ಕನೆ ಗಂಭೀರರಾದರು. "ನೀನು ನೋಡದೆ ನಾನು ರೈಲು ಹತ್ತಲ್ಲ."

"ಹತ್ತದೇ ಇದ್ರೆ ಎಳ್ಕೊಂಡು ಹೋಗ್ತೀನಿ" ಎಂದಳು ಅತ್ತೆ. ಆದರೆ ಸಾಲು ಬಿಟ್ಟು ಕದಲಲಿಲ್ಲ.

ತಂಡಗಳು ಬಂದವು, ಹೋದವು. ಜೋಡಿ ಒಳಗೆ ಹೋಯಿತು, ಬೀಗರು ಹೋದರು. ಎಷ್ಟೋ ಜನ ಬಸ್ಸು ತಪ್ಪೀತೆಂದು ಹೊರಟುಹೋದರು. ಬಿಸಿಲು ಇಳಿದಾಗ ಉಳಿದದ್ದು ಸಾಲಿನ ತುಂಡು: ಮೊದಲಿಗೆ ಬೊಕ್ಕತಲೆಯವರು, ಕೊನೆಗೆ ಅತ್ತೆ. ಕಾವಲುಗಾರ ತಲೆ ಎಣಿಸಿ, ಕಿಟಕಿಯಿಂದ ಹೊರಗೆ ಬಂದು ಹೇಳಿದ: "ಇದೇ ಕೊನೇ ತಂಡ. ಪುಣ್ಯಕ್ಕೆ ಜಾಗ ಜಾಸ್ತಿ ಇದೆ. ಆದ್ರೂ ಒಬ್ಬರಿಗೆ ಸಾಲದು."

ಎಲ್ಲರ ತಲೆಯೂ ಕೊನೆಗೆ ತಿರುಗಿತು. ಮಾವ ಕಣ್ಣು ಮುಚ್ಚಿಕೊಂಡರು.

"ಅಮ್ಮ, ನೀವು ಮುಂದೆ ಬನ್ನಿ" ಎಂದರು ಬೊಕ್ಕತಲೆಯವರು.

"ನಾನು? ತೂರ್ಲಾ?" ಅತ್ತೆಯ ಮೂಗು ಕೆಂಪಾಯಿತು. "ಯಾರ ಹತ್ರ ಮಾತಾಡ್ತಿದ್ದೀರಿ ಗೊತ್ತಾ?"

"ಬರ್ತೀರೋ ಇಲ್ವೋ?"

"ಸತ್ರೂ ಬರಲ್ಲ!"

ಬೊಕ್ಕತಲೆಯವರು ತಲೆ ಸವರಿಕೊಂಡರು. ಅಲ್ಲೇ ಬುದ್ಧಿಯಿದ್ದದ್ದು. ಇದ್ದಕ್ಕಿದ್ದಂತೆ ಎರಡೂ ಕೈ ಮೇಲೆತ್ತಿ ಕೂಗಿದರು: "ಹಾಗಾದ್ರೆ ಅಮ್ಮ ಇದ್ದಲ್ಲೇ ಇರಲಿ! ಎಲ್ಲಾರೂ ಹಿಂದಕ್ಕೆ ತಿರುಗಿ!"

ಸಾಲು ಕವಾಯತಿನಂತೆ ಗಿರಕ್ಕನೆ ತಿರುಗಿತು. ಬಾಲವೇ ತಲೆಯಾಯಿತು. ಯಾರೂ ತೂರಲಿಲ್ಲ, ಯಾರ ಜಾಗವೂ ಕದಲಲಿಲ್ಲ. ಅತ್ತೆ ಈ ಧರ್ಮಸೂಕ್ಷ್ಮವನ್ನು ಎಲ್ಲ ದಿಕ್ಕಿನಿಂದಲೂ ಪರೀಕ್ಷಿಸಿದಳು. ಒಂದು ತೂತೂ ಸಿಗಲಿಲ್ಲ. ಕಾವಲುಗಾರ ನಗುತ್ತಾ ಟಿಕೆಟ್ ಹಿಡಿದು ಈ ತುದಿಗೇ ನಡೆದುಬಂದ. ಅತ್ತೆ ಕೈಚಾಚಿದಳು.

ಎಲ್ಲರೂ ಹೋಗಿ ಬಾಗಿಲು ಮುಚ್ಚಿದ ಮೇಲೆಯೇ ಬೊಕ್ಕತಲೆಯವರಿಗೆ ಹೊಳೆದದ್ದು: ಬಾಲ ತಲೆಯಾದರೆ ತಲೆ ಏನಾಗುತ್ತದೆ ಎಂದು. "ಅಯ್ಯಯ್ಯೋ!" ಎಂದು ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾವ ಪಕ್ಕದಲ್ಲಿ ಕೂತು ಸುಣ್ಣದ ಕಲ್ಲಿನಲ್ಲಿ ಚಪ್ಪಡಿಯ ಮೇಲೆ ಅವರಿಗೆ ಪೂರ್ತಿ ಗೋಡೆಯನ್ನು ಬರೆದು ತೋರಿಸತೊಡಗಿದರು.

ಅತ್ತೆ ಹೊರಬಂದಳು.

"ರೀ" ಎಂದಳು, "ನಾನು ಒಳಗೆ ಹೋದೆ ಕಣ್ರೀ. ಕಿಟಕಿ ತನಕ ಅಲ್ಲ. ಒಳಗೆ."

"ಚಿತ್ರ ಹೇಗಿತ್ತಮ್ಮ?" ಎಂದು ಬೊಕ್ಕತಲೆಯವರು ಆಸೆಯಿಂದ ಕೇಳಿದರು.

"ಚೆನ್ನಾಗಿದೆ. ಆದ್ರೆ ಏನು ಜನ ಅದು! ಊರಿಗೆ ಊರೇ ಸಂತೆಗೆ ನುಗ್ತಾ ಇದೆ, ಒಬ್ಬರಾದ್ರೂ ಸಾಲಾಗಿ ನಿಂತಿಲ್ಲ. ಹೇಳೋರು ಕೇಳೋರು ಯಾರೂ ಇಲ್ಲ."

ರೈಲಿನಲ್ಲಿ ಕೂತ ಮೇಲೂ ಆ ಅವ್ಯವಸ್ಥೆ ಅವಳನ್ನು ಬಿಡಲಿಲ್ಲ. ಮಾವನ ಕೈಗೆ ಪೆನ್ಸಿಲ್ ಕೊಟ್ಟು ಶುರುಮಾಡಿದಳು: ಮೊದಲು ಮಡಕೆಯವಳು, ಅವಳ ಹಿಂದೆ ಕತ್ತೆ, ಕತ್ತೆಗೆ ಒದೆಯುವ ಚಾಳಿ ಇದ್ದೀತು, ಸ್ವಲ್ಪ ಜಾಗ ಬಿಡಿ, ಆಮೇಲೆ ಆ ಕುಂಟ, ಅವನ ಹಿಂದೆ ಬುಟ್ಟಿಯವನು. ಮಾವ ಅವಳು ಹೇಳಿದಂತೆ ಒಬ್ಬೊಬ್ಬರನ್ನೇ ಬರೆದು ನಿಲ್ಲಿಸುತ್ತಾ ಹೋದರು. ಕಾಗದ ಮುಗಿಯಿತು. ಅತ್ತೆ ಇನ್ನೊಂದು ಕೊಟ್ಟಳು.