ಪಾಡ್ಯದ ಗಾಡಿಗೆ ಬೀಗ

ನಮ್ಮ ಶೋರೂಮಿನ ಹಿಂದಿನ ಅಂಗಳದಲ್ಲಿ ಒಂದೇ ಮಾಡೆಲ್ಲಿನ ಬಿಳಿ ಕಾರುಗಳು ಸಾಲಾಗಿ ನಿಂತಿರುತ್ತವೆ. ನೋಡಿದವರಿಗೆ ಎಲ್ಲವೂ ಒಂದೇ. ಉಪ್ಪಿನಬೆಟಗೇರಿಯ ಆ ಹಿರಿಯ ಹೆಂಗಸಿಗೆ ಮಾತ್ರ ಅವು ಒಂದೇ ಆಗಿರಲಿಲ್ಲ.

ನಮ್ಮ ಕಡೆ ಕಾರು ಕೊಳ್ಳುವುದೆಂದರೆ ದುಡ್ಡು ಕೊಟ್ಟು ಕೀಲಿಕೈ ಇಸಕೊಳ್ಳುವುದಲ್ಲ. ಒಳ್ಳೆಯ ದಿನ ನೋಡಿ ಮನೆಮಂದಿಯೆಲ್ಲ ಬರುತ್ತಾರೆ. ಅಂಗಳದಲ್ಲಿ ಸುತ್ತಾಡಿ ಒಂದು ಗಾಡಿ ಆರಿಸುತ್ತಾರೆ. ಮನೆಯ ಹಿರಿಯಳು ಅದಕ್ಕೆ ಅರಿಶಿಣ ಕುಂಕುಮ ಹಚ್ಚುತ್ತಾಳೆ. ಆಮೇಲೆ ಗಾಡಿಯನ್ನು ನಮ್ಮಲ್ಲೇ ಬಿಟ್ಟು ಹೋಗುತ್ತಾರೆ, ಮನೆಗೆ ಒಯ್ಯುವುದು ದೀಪಾವಳಿಯ ಪಾಡ್ಯಕ್ಕೆ. ಆ ನಡುವಿನ ದಿನಗಳಲ್ಲಿ ಗಾಡಿ ಅವರದು, ಕಾವಲು ನಮ್ಮದು.

ಹೋದ ವರ್ಷದ ಪಾಡ್ಯದ ಬೆಳಿಗ್ಗೆ ಆ ಮನೆಯವರು ಕಾಯಿ, ಲಿಂಬೆಹಣ್ಣು, ಚೆಂಡು ಹೂವಿನ ಮಾಲೆ ಹಿಡಿದು ಬಂದರು. ಹಿರಿಯ ಹೆಂಗಸು ಮುಂದಿನ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದರು. ಬಾಗಿಲ ಒಳಮೂಲೆಯಲ್ಲಿ ತಾವೇ ಇಟ್ಟಿದ್ದ ಕುಂಕುಮ ಅಲ್ಲಿರಲಿಲ್ಲ.

“ಇದು ನಮ್ಮ ಗಾಡಿ ಅಲ್ರಿ” ಅಂದರು.

ಶೋರೂಮಿನ ಇನ್ನೊಬ್ಬ ಯಜಮಾನರು ನನ್ನ ಕಾಕಾ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಸೇರಿ ನಡೆಸುತ್ತಿದ್ದೇವೆ. ಅವರು ನಕ್ಕು, “ಅವ್ವಾರ, ಬಣ್ಣ ಅದಽ, ಮಾಡೆಲ್ ಅದಽ. ಏನ್ ಫರಕ್ ಐತಿ? ಕಂಪ್ಯೂಟರ್‌ನ್ಯಾಗ ಏನೋ ಗಡಬಡ ಆಗಿ ನಂಬರ್ ಅದಲಿ ಬದಲಿ ಆಗೈತಿ” ಅಂದರು.

“ಫರಕ್ ಇರಲಿಕ್ಕಿಲ್ರಿ. ನಾ ಕುಂಕುಮ ಹಚ್ಚಿದ್ದು ಇದಕ್ಕಲ್ಲ.”

ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಒಡೆಯದ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಪ್ಪನ ಕಾಲದಿಂದ ಆ ಮನೆಗೆ ಗಾಡಿ ಹೋದದ್ದು ನಮ್ಮಲ್ಲಿಂದಲೇ. ನನಗೆ ಸಿಟ್ಟು ಲಗೂ ಬರುತ್ತದೆ, ಇಳಿಯುವುದು ಮಾತ್ರ ತಡ. ಆ ಸಿಟ್ಟಿನಲ್ಲೇ ನಿಶ್ಚಯ ಮಾಡಿದೆ: ಬರುವ ಪಾಡ್ಯದೊಳಗೆ ಈ ಹಳೇ ಸಾಫ್ಟ್‌ವೇರ್ ಕಿತ್ತು ಒಗೆಯಬೇಕು, ಆ ಹೆಂಗಸು ಕುಂಕುಮ ಹಚ್ಚಿದ ಗಾಡಿಯೇ ಅವರ ಮನೆಗೆ ಹೋಗಬೇಕು.

ಕಾರು ಕಂಪನಿಯವರು ಕೊಟ್ಟ ಬೇರೊಂದು ಸಾಫ್ಟ್‌ವೇರ್ ಇದ್ದೇ ಇದೆ. ಅದು ಅವರ ಲೆಕ್ಕಕ್ಕೆ. ನಮ್ಮ ಅಂಗಳದಲ್ಲಿ ಯಾವ ಗಾಡಿ ಯಾರದು, ಯಾವತ್ತು ಹೊರಡಬೇಕು ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕಾಗಿ ಸಾಫ್ಟ್‌ವೇರ್ ಮಾರುವವರನ್ನು ಒಬ್ಬೊಬ್ಬರಾಗಿ ಕರೆದೆ.

ಪುಣೆಯಿಂದ ಬಂದವರು ಗೋಡೆಯ ತುಂಬ ಚಿತ್ರ ಬಿಟ್ಟರು. ಬಣ್ಣಬಣ್ಣದ ಗೆರೆಗಳು ಏರಿದವು, ಇಳಿದವು. ಕಾಕಾ ಸಂತೆಯಲ್ಲಿ ಹೋರಿ ನೋಡುವಂತೆ ತಲೆ ಓರೆ ಮಾಡಿ ನೋಡಿದರು. ಎಲ್ಲ ಮುಗಿದ ಮೇಲೆ ನಾನು ಕೇಳಿದ್ದು ಒಂದೇ ಮಾತು. ಒಬ್ಬಾಕೆ ಒಂದು ಗಾಡಿಗೆ ಕುಂಕುಮ ಹಚ್ಚಿ ಹೋಗಿದ್ದಾಳೆ, ಒಯ್ಯುವುದು ತಿಂಗಳ ಮೇಲೆ, ಅಲ್ಲಿಯವರೆಗೆ ಆ ಗಾಡಿ ನಿಮ್ಮ ಸಾಫ್ಟ್‌ವೇರಿನಲ್ಲಿ ಯಾರದು? ಹಾಗೆ ಬಹಳ ದಿನ ನಿಂತ ಗಾಡಿಯನ್ನು ತಮ್ಮ ಸಾಫ್ಟ್‌ವೇರ್ ತಾನೇ ಬೇರೆಯವರಿಗೆ ಮಾರಲು ಬಿಡುಗಡೆ ಮಾಡುತ್ತದೆ, ಅದೇ ಅದರ ಹೆಚ್ಚುಗಾರಿಕೆ ಅಂದರು. ಚಹಾ ಕುಡಿಸಿ ಕಳಿಸಿದೆ.

ಎರಡನೆಯವರು ಕಾಕಾನ ಬೀಗರ ಕಡೆಯವರು. ಅವರದು ಕಿರಾಣಿ ಅಂಗಡಿಗೆಂದು ಮಾಡಿದ ಸಾಫ್ಟ್‌ವೇರ್; ಬೇಳೆ ಇದ್ದ ಕಡೆ ಕಾರು ಅಂತ ಬರೆದುಕೊಂಡು ಬಂದಿದ್ದರು. ತೊಗರಿಬೇಳೆಗೆ ಯಾರೂ ಕುಂಕುಮ ಹಚ್ಚಿ ಇಟ್ಟು ಹೋಗುವುದಿಲ್ಲ ಅಂತ ಕಾಕಾನಿಗೆ ಹೇಳಿದೆ. “ನಿನಗ ಯಾವುದೂ ಪಸಂದ್ ಬರೂದಿಲ್ಲ ಬಿಡು” ಅಂತ ಅವರು ಮುನಿಸಿಕೊಂಡರು.

ಮೂರನೆಯವಳು ಸತ್ತೂರಿನ ಕಡೆ ಸಣ್ಣ ಆಫೀಸು ಇಟ್ಟುಕೊಂಡಿದ್ದ ಹೆಣ್ಣುಮಗಳು. ಒಂದು ಲ್ಯಾಪ್‌ಟಾಪ್ ಬಿಟ್ಟರೆ ಬೇರೇನೂ ತಂದಿರಲಿಲ್ಲ. ನನ್ನ ಪ್ರಶ್ನೆ ಕೇಳಿ, “ನಮ್ಮಲ್ಲಿ ಅದು ಇಲ್ರಿ ಮೇಡಮ್. ಆದ್ರ ಮಾಡ್ಲಿಕ್ಕೆ ಬರ್ತದ” ಅಂದಳು. ಇಲ್ಲ ಅಂದ ಮೊದಲನೆಯವಳು ಅವಳೇ, ಹಾಗಾಗಿ ನನಗೆ ಹಿಡಿಸಿದಳು.

“ಗಾಡಿಗೆ ಒಬ್ಬರ ಹೆಸರು ಹಚ್ಚಿ ಬೀಗ ಹಾಕ್ಲಿಕ್ಕೆ ಬರ್ತದ. ಬೀಗ ಇರೂತನಾ ಗಾಡಿ ಹೊರಗ ಬಿಡೋ ಗೇಟ್ ಪಾಸ್ ಹುಟ್ಟೂದಿಲ್ಲ. ಆದ್ರ ಬೀಗ ತಗಿಯೋ ಅಧಿಕಾರ ಯಾರಿಗೆ ಕೊಡೂದ್ರಿ?” ಅಂತ ಕೇಳಿದಳು.

“ನನಗಽ ಮತ್ತ” ಅಂದರು ಕಾಕಾ, ಕೇಳಿದ್ದೇ ತಡ. “ದೊಡ್ಡ ಮಂದಿ ಅರ್ಜಂಟ್ ಬೇಕು ಅಂದಾಗ ಇಲ್ಲ ಅನ್ನಾಕ ಆಗ್ತೈತೇನು? ಹ್ವಾದ ಪಾಡ್ಯಕ್ಕ ಹಂಗಽ ಒಂದು ಬಿಳೀ ಗಾಡಿ ತಗದು ಕೊಟ್ಟೆ. ಒರಸಿ ಕೊಟ್ರ ಆತು, ಕುಂಕುಮ ಏನ್ ಪೇಂಟ್ ಅಲ್ಲ.”

ನಾನು ಅವರನ್ನೇ ನೋಡಿದೆ. ಮುಖದಲ್ಲಿ ಅಳುಕೇ ಇರಲಿಲ್ಲ. ವರ್ಷವಿಡೀ ನಾನು ಬೈದದ್ದು ಕಂಪ್ಯೂಟರಿಗೆ. ಪಾಪ, ಅದು ಏನೂ ಮಾಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹೊರಗಿನ ಹೆಣ್ಣುಮಗಳ ಮುಂದೆ ಚಿಕ್ಕಪ್ಪನ ಮೇಲೆ ಕೂಗಾಡಬಾರದೆಂದು ಹಲ್ಲು ಕಚ್ಚಿ ಹಿಡಿದೆ.

“ಬೀಗ ಕಾಕಾನ ಕಡೀನೂ ಬ್ಯಾಡ, ನನ್ನ ಕಡೀನೂ ಬ್ಯಾಡ” ಅಂದೆ. “ಕುಂಕುಮ ಹಚ್ಚಿದವರ ಕಡೆ ಇರ್ಲಿ. ಬೀಗ ತಗೀಬೇಕಂದ್ರ ಅವರ ಫೋನಿಗೆ ನಂಬರ್ ಹೋಗ್ಲಿ, ಅವರಽ ನಮಗ ಹೇಳ್ಲಿ.”

ಅವಳು ಅದನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡು, “ಮಾಡಿ ಕೊಡ್ತೇನ್ರಿ” ಅಂದಳು.

ಕಾಕಾ ಎದ್ದು ನಿಂತರು. “ನನ್ನ ಅಂಗಡ್ಯಾಗ ನಾ ಗಿರಾಕೀನ್ನ ಕೇಳಿ ಕೆಲಸಾ ಮಾಡ್ಬೇಕೇನು?”

“ಹೌದ್ರಿ ಕಾಕಾ. ನನಗೂ ಅದಽ ಕಾಯ್ದೆ.”

ಎಷ್ಟೋ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮಧ್ಯಾಹ್ನ ಇಬ್ಬರೂ ಒಂದೇ ಟೇಬಲ್ಲಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಶೇಂಗಾ ಚಟ್ನಿ ಬೇಕಾದರೆ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ನಾನು ಸೋಲಲಿಲ್ಲ. ಕೊನೆಗೊಂದು ದಿನ ಅವರೇ, “ಮಾಡ್ಕೋ ಹೋಗು. ನಿಮ್ಮಪ್ಪನ ಹಟಾ ನಿನಗ ಬಂದೈತಿ” ಅಂದು ಆ ಹೆಣ್ಣುಮಗಳ ಕರಾರಿಗೆ ಸಹಿ ಹಾಕಿದರು.

ದಸರೆಯ ಬನ್ನಿಯ ದಿನ ನಾನು ಒಬ್ಬಳೇ ಉಪ್ಪಿನಬೆಟಗೇರಿಗೆ ಹೋದೆ. ಬನ್ನಿ ಕೊಡಲು ಬಂದವರನ್ನು ಯಾವ ಮನೆಯವರೂ ಬಾಗಿಲಿನಿಂದ ಹಿಂದೆ ಕಳಿಸುವುದಿಲ್ಲ, ಆ ಧೈರ್ಯ ನನಗಿತ್ತು. ಹಿರಿಯ ಹೆಂಗಸಿನ ಕೈಗೆ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರೋಣ ಅಂದು ಕಾಲಿಗೆ ಬಿದ್ದೆ. ಗಾಡಿ ಬದಲಾದದ್ದು ಕಂಪ್ಯೂಟರಿನಿಂದಲ್ಲ, ನಮ್ಮ ಕೈಯಿಂದ ಅಂತಲೂ ಹೇಳಿದೆ. ಅವರಿನ್ನೂ ಬೇರೆ ಕಡೆ ಗಾಡಿ ಕೊಂಡಿರಲಿಲ್ಲ.

“ಈ ಸಲಾ ಹಂಗಾಗೂದಿಲ್ಲಂತ ಹೆಂಗ ನಂಬೂದು ತಂಗಿ?” ಅಂದರು.

ಬೀಗದ ವಿಷಯ ವಿವರಿಸಿದೆ. ಮಗ ತನ್ನ ಫೋನ್ ನಂಬರ್ ಹೇಳಲು ಬಂದರು. ನಾನು ಬೇಡವೆಂದು ಹಿರಿಯಳ ನಂಬರನ್ನೇ ಬರೆದುಕೊಂಡೆ. ಅವರು ಸೊಸೆಯ ಮುಖ ನೋಡಿ ನಕ್ಕರು. ಎರಡು ದಿನ ಬಿಟ್ಟು ಬಂದು, ಅಂಗಳದಲ್ಲಿ ಸುತ್ತಾಡಿ, ಒಂದು ಬಿಳಿ ಗಾಡಿಯ ಬಾಗಿಲ ಒಳಮೂಲೆಗೆ ಕುಂಕುಮ ಇಟ್ಟು ಹೋದರು.

ಪಾಡ್ಯದ ಹಿಂದಿನ ಸಂಜೆ ಶೋರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗದ್ದಲದಲ್ಲೇ ಊರಿನ ದೊಡ್ಡ ಗುತ್ತಿಗೆದಾರರೊಬ್ಬರು ಬಂದು ಸೋಫಾದಲ್ಲಿ ಕುಳಿತರು. ಹಬ್ಬಕ್ಕೆ ಬಂದ ಅಳಿಯನಿಗೆ ನಾಳೆ ಬೆಳಿಗ್ಗೆಯೇ ಕಾರು ಕೊಡಬೇಕಂತೆ, ಅದೂ ಬಿಳಿಯದೇ. ಮಾರಲು ಬಿಳಿ ಗಾಡಿ ಒಂದೂ ಉಳಿದಿರಲಿಲ್ಲ, ಅಂಗಳದಲ್ಲಿದ್ದವಕ್ಕೆಲ್ಲ ಬೀಗ ಬಿದ್ದಿತ್ತು. ಕಾಕಾ ಅವರಿಗೆ ಚಹಾ ಹೇಳಿ, ನನ್ನತ್ತ ನೋಡದೆ ಕಂಪ್ಯೂಟರಿನ ಮುಂದೆ ಹೋಗಿ ಕುಳಿತರು.

ನಾನು ತಡೆಯಲಿಲ್ಲ. ನಾನು ತಡೆದಿದ್ದರೆ ಬೀಗ ನನ್ನದಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಉಪ್ಪಿನಬೆಟಗೇರಿಯಿಂದ. ಕಾಕಾನ ಪಕ್ಕಕ್ಕೆ ಹೋಗಿ ಸ್ಪೀಕರ್ ಹಾಕಿದೆ.

“ತಂಗೀ, ನನ್ನ ಫೋನಿಗೆ ಏನೋ ನಂಬರ್ ಬಂದೈತಿ. ಗಾಡಿ ಬಿಟ್ಟು ಕೊಡೂದಿದ್ರ ಹೇಳ್ರಿ ಅಂತ ಬರದಾರಂತ, ಸೊಸಿ ಓದಿದ್ಲು. ನಾವು ಇಲ್ಲೆ ನಾಳೆ ಬರಾಕಂತ ಹೋಳಿಗಿ ಮಾಡಾಕತ್ತೇವಿ. ಯಾರರ ಕೇಳಾಕತ್ತಾರೇನು?”

ಫೋನನ್ನು ಕಾಕಾನ ಮುಂದೆ ಹಿಡಿದೆ. “ನೀವಽ ಹೇಳ್ರಿ” ಅಂದೆ.

ಅವರು ಸೋಫಾದ ಕಡೆ ಒಮ್ಮೆ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಆ ಕಡೆಯಿಂದ ಹೆಂಗಸು, “ಕೇಳಿಸ್ತೇನು? ನಂಬರ್ ಹೇಳ್ಲೇನು?” ಅಂದರು.

“ಬ್ಯಾಡ್ರಿ ಅವ್ವಾರ” ಅಂದರು ಕಾಕಾ. “ಆ ನಂಬರ್ ಯಾರಿಗೂ ಹೇಳಬ್ಯಾಡ್ರಿ. ನಾ ಕೇಳಿದ್ರೂ ಹೇಳಬ್ಯಾಡ್ರಿ.”