ರಾಮ್‌ಫಲ್ ಬಂದಿದ್ದ

ನೀನು ಬಂದಿದ್ದೆ, ರಾಮ್‌ಫಲ್. ಹೇಳಿದ ದಿನಕ್ಕೇ ಲಾರಿ ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದೆ. ನೀನು ಬರಲೇ ಇಲ್ಲವೆಂದು ನಿನ್ನ ಮಾಲೀಕರಿಗೆ ಸುಳ್ಳು ಹೇಳಿದವನು ನಾನು. ಆ ಸುಳ್ಳಿನಿಂದ ನಿನ್ನ ಕೆಲಸ ಹೋಯಿತು, ನನ್ನ ಹೆಸರು ಉಳಿಯಿತು.

ಆ ಹೆಸರು ಪುಕ್ಕಟೆ ಬಂದದ್ದಲ್ಲ — ಇವತ್ತಿಗೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಸೇನೆಯ ವರ್ಕ್‌ಶಾಪಿನಲ್ಲಿ ಹದಿನೇಳು ವರ್ಷ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ನಿವೃತ್ತನಾದ ಮೇಲೆ ಹಾಸನಕ್ಕೆ ಮರಳದೆ ಘಾಜಿಯಾಬಾದಿನ ಲಾರಿ ಅಡ್ಡೆಯ ಪಕ್ಕ ಗ್ಯಾರೇಜು ಹಾಕಿದೆ. ಎರಡು ಸಾವಿರದ ಮೊದಲ ವರ್ಷಗಳವು. ಟರ್ಬೊ ಲಾರಿಗಳು ಆಗಷ್ಟೇ ಹೆಚ್ಚುತ್ತಿದ್ದವು. ಅವನ್ನು ಮುಟ್ಟಲು ಹೆದರುವ ಮಿಸ್ತ್ರಿಗಳು 'ಮದ್ರಾಸಿ ಉಸ್ತಾದ್' ಹತ್ತಿರ ಹೋಗು ಎನ್ನುತ್ತಿದ್ದರು. ಮದ್ರಾಸಲ್ಲಪ್ಪಾ, ಕರ್ನಾಟಕ ಎಂದು ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ.

ನಿನ್ನ ಲಾರಿ ಬಂದಾಗ ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಸುಟ್ಟಿತ್ತು. ಆಯಿಲ್‌ಗೆ ನೀರು ಸೇರಿ ಹಾಲು ಬೆರೆಸಿದ ಚಹಾದ ಬಣ್ಣ ತಿರುಗಿತ್ತು. ಟರ್ಬೊ ಕಳಚಿ, ಹೆಡ್ ಎತ್ತಿ, ಎಳ್ಳಷ್ಟೂ ಮಸಿ ಉಳಿಯದಂತೆ ಕೆರೆದು, ಸಮತಟ್ಟು ನೋಡಿ ಹೊಸ ಗ್ಯಾಸ್ಕೆಟ್ ಕೂರಿಸಿದೆ. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಮೂರು ಸುತ್ತು ಬಿಗಿದೆ. ನೀನು ಎರಡು ದಿನವೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ — ಮಗುವಿಗೆ ಆಪರೇಷನ್ ಆಗುತ್ತಿದೆಯೇನೋ ಎಂಬಂತೆ.

ಹೊಸ ಗ್ಯಾಸ್ಕೆಟ್ ಬಿಸಿಗೆ ಅಮರಿಕೊಂಡಾಗ ಬೋಲ್ಟುಗಳು ತುಸು ಸಡಿಲವಾಗುತ್ತವೆ. ನಾಲ್ಕೈದು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಶುಕ್ರವಾರ ಬಾ ಎಂದು ನಾನೇ ಹೇಳಿ ಕಳಿಸಿದ್ದೆ.

ಆ ಶುಕ್ರವಾರ ನನ್ನ ಹೆಂಡತಿಯ ಅಣ್ಣ ಗ್ಯಾರೇಜಿಗೆ ಬಂದಿದ್ದರು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಭಾವ, ಕೇಂದ್ರ ಸರ್ಕಾರದ ಅಧಿಕಾರಿ. ಗ್ರೀಸು ಮೆತ್ತಿದ ಕೈಗೆ ತಂಗಿಯನ್ನು ಕೊಟ್ಟೆವಲ್ಲ ಎಂಬ ಕೊರಗು ಅವರಿಗೆ ಮೊದಲಿನಿಂದಲೂ ಇತ್ತು. ಅವತ್ತು ಚಹಾ ಹೀರುತ್ತ, ಮೊದಲ ಸಲ, "ಪರವಾಗಿಲ್ಲ ಕಣ್ರೀ, ಒಳ್ಳೇ ಹೆಸರು ಮಾಡಿದೀರ" ಅಂದರು. ಅಷ್ಟರಲ್ಲಿ ನೀನು ಬಂದು ಬೋಲ್ಟು ಬಿಗಿದುಕೊಡಲು ಕೇಳಿದೆ.

"ಅಚ್ಛಾ? ಮಾಡಿದ ಕೆಲಸಾನೇ ಮತ್ತೆ ಮಾಡ್ಬೇಕಾ?" ಭಾವ ಹುಬ್ಬೇರಿಸಿದರು.

ವಿವರಿಸಬಹುದಿತ್ತು — ಒಂದು ನಿಮಿಷದ ಮಾತು. ಆದರೆ ನಾನು ಅವರಿಗೂ ಕೇಳುವಂತೆ ಗಟ್ಟಿಯಾಗಿ ನಿನಗೆ ಹೇಳಿದೆ: "ಮೇರಾ ಕಸಾ ಹುವಾ ದುಬಾರಾ ನಹೀ ಕಸ್ನಾ ಪಡ್ತಾ. ಚಲೋ, ಗಾಡಿ ನಿಕಾಲೋ." ನಾನು ಬಿಗಿದದ್ದನ್ನು ಎರಡನೇ ಸಲ ಬಿಗಿಯಬೇಕಿಲ್ಲವಂತೆ! ನೀನು ನಂಬಿದೆ. ಕೈಮುಗಿದು ಹೊರಟೆ.

ಹನ್ನೆರಡನೇ ದಿನಕ್ಕೆ ಲಾರಿಯನ್ನು ಎಳೆದು ತಂದರು. ಮೇಲಿನ ಮುಚ್ಚಳ ತೆಗೆದು ಸ್ಪ್ಯಾನರ್ ಇಟ್ಟೆ — ಹಿಂಬದಿಯ ಬೋಲ್ಟುಗಳು ತಿಣುಕದೆ ತಿರುಗಿದವು. ತಪ್ಪು ಯಾರದೆಂದು ನನ್ನ ಕೈಗೆ ಆಗಲೇ ತಿಳಿಯಿತು. ಬಿಗಿಸಲು ಇವನು ಬಂದಿದ್ದನೇ ಎಂದು ಮಾಲೀಕರು ನಿನ್ನೆದುರಿಗೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಅಷ್ಟನ್ನೂ ತೋರಿಸಿಕೊಳ್ಳಲಿಲ್ಲ. ಬಟ್ಟೆಯಲ್ಲಿ ಕೈ ಒರೆಸುತ್ತಲೇ ಅಂದೆ: "ನಹೀ ಆಯಾ."

ಜಗಳವಾಡುತ್ತೀಯ ಅಂದುಕೊಂಡಿದ್ದೆ. "ಉಸ್ತಾದ್?" ಎಂದೆ ನೀನು, ಅಷ್ಟೇ. ಆಮೇಲೆ ಕ್ಯಾಬಿನ್ನಿನಿಂದ ಹಾಸಿಗೆ ಸುತ್ತಿಕೊಂಡು ಇಳಿದು, ಮಾಲೀಕರ ಕೈಗೆ ಕೀಲಿ ಕೊಟ್ಟು ಬಸ್ ನಿಲ್ದಾಣದ ಕಡೆ ನಡೆದೆ. ಶೋರೂಮಿನಿಂದ ಆ ಲಾರಿಯನ್ನು ಹೊರಗೆ ತಂದವನೇ ನೀನು.

ಎರಡನೇ ಸಲ ನಾನು ಕಟ್ಟಿದ ಆ ಇಂಜಿನ್ ಒಂಬತ್ತು ವರ್ಷ ಹೆಡ್ ಎತ್ತದೆ ಓಡಿತು. ಅದನ್ನು ಮತ್ತೆ ಬಿಗಿಯಲು ನಾನೇ ಮಾಲೀಕರ ಗೋದಾಮಿಗೆ ಹೋಗಿದ್ದೆ, ಯಾರೂ ಕರೆಯದಿದ್ದರೂ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ — ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು. ಭಾವನಂತೂ ಹೋದಲ್ಲೆಲ್ಲ ನನ್ನ ಕೈಗುಣದ ಕಥೆ ಹೇಳುತ್ತಿದ್ದರು. ನಾನು ತಲೆತಗ್ಗಿಸಿ ನಗುತ್ತಿದ್ದೆ, ಅವರು ಅದನ್ನು ವಿನಯ ಅಂದುಕೊಂಡರು.

ಹೋದ ವಾರ ಮಾಲೀಕರ ಮನೆಗೆ ಹೋಗಿ ನಿಜ ಹೇಳಿದೆ. ಅವರಿಗೆ ಈಗ ಕಣ್ಣು ಮಂಜು. ರಾಮ್‌ಫಲ್ ಯಾರು ಎಂದು ಕೇಳಿದರು. ಎಷ್ಟು ಬಿಡಿಸಿ ಹೇಳಿದರೂ ನೀನು ಅವರ ನೆನಪಿಗೆ ಬರಲಿಲ್ಲ. ಡ್ರೈವರುಗಳು ಬರುತ್ತಾರೆ, ಹೋಗುತ್ತಾರೆ, ಆದರೆ ನಿಮ್ಮಂಥ ಕೈ ಇಡೀ ಘಾಜಿಯಾಬಾದಿನಲ್ಲಿ ಇನ್ನೊಂದಿರಲಿಲ್ಲ ಎಂದು ನನ್ನ ಬೆನ್ನು ತಟ್ಟಿದರು.

ನಿನ್ನ ಊರು ರೇವಾಡಿಯ ಕಡೆ ಎಂಬುದಷ್ಟೇ ಗೊತ್ತು, ಹುಡುಕಿಕೊಂಡು ಬರುತ್ತೇನೆ. ಬಂದು ಇದನ್ನೂ ಮುಚ್ಚಿಡದೆ ಹೇಳಬೇಕು — ನಿನ್ನ ಹೆಸರನ್ನೇ ಮರೆತ ಆ ಮನುಷ್ಯ ನನ್ನ ಕೈಯನ್ನು ಹೊಗಳಿದಾಗ, ನನಗೆ ಖುಷಿಯಾಯಿತು, ರಾಮ್‌ಫಲ್.